ಬಚ್ಚಲಮನೆಯ ಗಾಜಿನ ತೊಟ್ಟಿ

ಶನಿವಾರ, ಸಂಜೆ ಐದು ಗಂಟೆ

ರೀ,

ಇಷ್ಟು ಬರೆದು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಮನೆಯಲ್ಲಾದರೆ ಈ ಒಂದು ಅಕ್ಷರ ಸಾಕಿತ್ತು, ತಿರುಗಿ ನೋಡುತ್ತಿದ್ದಿರಿ. ಏಳು ತಿಂಗಳಿಂದ ತನ್ನ ಅಕ್ಕನ ಮನೆಯಲ್ಲಿರುವ ಗಂಡನನ್ನು ಕಾಗದದಲ್ಲಿ ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅತ್ತೆ ಆರೋಗ್ಯವಾಗಿದ್ದಾರೆ. ಮಗ ಮನೆ ಬಿಟ್ಟ ಮೇಲೂ ಸೊಸೆಯ ಜೊತೆ ಯಾಕಿದ್ದೀರಿ ಎಂದು ಯಾರಾದರೂ ಕೇಳಿದರೆ, ಇಲ್ಲಿ ಜಗಳಕ್ಕೆ ಜನ ಸಿಗ್ತಾರೆ ಅನ್ನುತ್ತಾರೆ.

ನಮ್ಮ ರಿಪೇರಿ ಅಂಗಡಿಯ ಸುದ್ದಿ ಹೇಳುತ್ತೇನೆ, ಅದು ಸುಲಭ. ಕಿವುಡ ಮಕ್ಕಳ ಶಾಲೆಯ ಟೀಚರ್ ಬಂದಿದ್ದರು. ಇಡೀ ತರಗತಿ ಹೆಡ್‌ಫೋನ್ ಹಾಕಿಕೊಂಡು ಕೇಳುವ ಆಂಪ್ಲಿಫೈಯರಿನ ಸರ್ಕ್ಯೂಟ್ ಬೋರ್ಡು ಸುಟ್ಟು ಕರಕಲಾಗಿದೆ. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತಂತೆ. "ಮಕ್ಕಳು ನನ್ನ ಬಾಯಿ ನೋಡ್ಕೊಂಡು ಕೂತಿರ್ತಾರೆ, ಏನಾದ್ರೂ ಮಾಡಿ" ಅಂದರು. ಹೊಸ ಬೋರ್ಡು ನಾವೇ ಮಾಡಬೇಕು. ಆಗಲಿ ಅಂದುಬಿಟ್ಟೆ. ಬೆಸುಗೆ ನನ್ನ ಕೆಲಸ, ತಾಮ್ರದ ಹಾಳೆಯ ಮೇಲೆ ಗೆರೆ ಮೂಡಿಸುವುದು ನಿಮ್ಮದು ಎಂಬುದು ಅವರು ಹೋದ ಮೇಲೆ ನೆನಪಾಯಿತು.

ನೀವು 'ಕಷಾಯ' ಎನ್ನುತ್ತಿದ್ದ ಫೆರಿಕ್ ಕ್ಲೋರೈಡನ್ನು ತಟ್ಟೆಗೆ ಸುರಿದು, ಪೆನ್ನಿನ ಗೆರೆಯ ಅಡಿಯದ್ದು ಬಿಟ್ಟು ಉಳಿದ ತಾಮ್ರವೆಲ್ಲ ಕರಗುವ ತನಕ ಮುಕ್ಕಾಲು ಗಂಟೆ ಅಲ್ಲಾಡಿಸುತ್ತಾ ಕೂರುವ ತಾಳ್ಮೆ ನನಗೆಲ್ಲಿದೆ? ಅದಕ್ಕೇ ತೊಟ್ಟಿ ಮಾಡಿದೆ. ಗಾಜಿನ ಅಂಗಡಿಯಲ್ಲಿ ಐದು ತುಂಡು ಕತ್ತರಿಸಿ ತಂದು, ಸಿಲಿಕಾನ್ ಅಂಟು ಹಾಕಿ, ನಿಲ್ಲಿಸಿದ ಪುಸ್ತಕದ ಹಾಗೆ ಎತ್ತರವಾಗಿ, ಸಪೂರವಾಗಿ ಜೋಡಿಸಿದೆ. ತಳದಲ್ಲಿ ಸೂಜಿಯಿಂದ ತೂತು ಮಾಡಿದ ಪ್ಲಾಸ್ಟಿಕ್ ಕೊಳವೆ, ಅದಕ್ಕೆ ಮೀನು ಸಾಕುವವರು ಇಡುವ ಗಾಳಿ ಪಂಪು. ಗುಳ್ಳೆಗಳೇ ಕಷಾಯ ಕದಡುತ್ತವೆ, ಕೈಗೆ ಕೆಲಸವಿಲ್ಲ. ಮೊದಲ ಸಲ ಬರೀ ನೀರು ತುಂಬಿಸಿ ನೋಡಿದಾಗ ಒಂದು ಮೂಲೆ ಸೋರಿ ಅತ್ತೆಯ ಚಾಪೆ ತೋಯ್ದುಹೋಯಿತು. ತೊಟ್ಟಿಗೂ ನನಗೂ ಬಚ್ಚಲಮನೆಗೆ ವರ್ಗವಾಯಿತು.

ಮೊದಲ ಬೋರ್ಡನ್ನು ಸ್ಟೀಲಿನ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಟ್ಟಿದ್ದೆ. ಕಷಾಯ ಕ್ಲಿಪ್ಪನ್ನೇ ತಿಂದಿತು, ಬೋರ್ಡು ತಳಕ್ಕೆ ಬಿದ್ದು ಗೀರಿಹೋಯಿತು. ಎರಡನೆಯದರಲ್ಲಿ ಒಂದು ಪಕ್ಕದ ಗೆರೆಗಳೇ ಸವೆದು ಮಾಯವಾದವು, ಇನ್ನೊಂದು ಪಕ್ಕದಲ್ಲಿ ತಾಮ್ರ ಹಾಗೇ ಕೂತಿತ್ತು. ಯಾಕೆಂದು ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಅತ್ತೆ ಬಾಗಿಲಲ್ಲಿ ನಿಂತು, "ಗುಳ್ಳೆ ಎಲ್ಲಾ ಎಡಗಡೆನೇ ಏಳ್ತಿದೆಯಲ್ಲೇ" ಅಂದರು. ಕೊಳವೆ ವಾಲಿತ್ತು.

ಇಷ್ಟು ಎದುರಿಗಿದ್ದದ್ದು ಕಾಣಲಿಲ್ಲವಲ್ಲ, ನನ್ನ ಕಣ್ಣಿಗೇನು ಬಂತು ಅಂದೆ. ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟರು. ಆಗ ಹೇಳಿದರು. ನಿಮ್ಮ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂದು ಎರಡು ವರ್ಷವಾಯಿತಂತೆ. ಪಕ್ಕದ್ದು ಕಾಣುತ್ತದಂತೆ, ನೇರ ನೋಡಿದ್ದು ಕಾಣುವುದಿಲ್ಲವಂತೆ. ಇದು ಸರಿಹೋಗುವುದಲ್ಲ ಎಂದರಂತೆ ಡಾಕ್ಟರು. ನನಗೆ ಹೇಳಕೂಡದು ಎಂದು ಹೆತ್ತವಳಿಂದ ಮಾತು ತೆಗೆದುಕೊಂಡಿದ್ದಿರಂತೆ.

ಹಾಗಾದರೆ ಅವತ್ತು ಗಿರಾಕಿಯ ಎದುರಿಗೆ, ಎರಡು ಗೆರೆ ಒಂದಕ್ಕೊಂದು ತಾಗಿದ್ದ ನಿಮ್ಮ ಬೋರ್ಡು ಹಿಡಿದು, "ಕಣ್ಣು ಕಾಣ್ಸಲ್ವಾ ನಿಮಗೆ" ಅಂದೆನಲ್ಲ. ಅದು ಬಾಯಿಗೆ ಬಂದ ಮಾತು ಕಣ್ರೀ. ಬೀದಿಯಲ್ಲಿ ಮೈಮೇಲೆ ಬಂದವರಿಗೆಲ್ಲ ಅನ್ನುವ ಮಾತು. ಮಾರನೆಯ ಬೆಳಿಗ್ಗೆ ನೀವು ಚೀಲ ಹಿಡಿದು ಹೊರಟಾಗ, ಒಂದು ಮಾತಿಗೆ ಇಷ್ಟೊಂದಾ ಎಂದು ನಾನೂ ತಡೆಯಲಿಲ್ಲ.

ಈಗ ನನಗೆ ಒಂದೂ ಬಗೆಹರಿಯುತ್ತಿಲ್ಲ. ತಪ್ಪಾಯಿತು ಎನ್ನೋಣವೆಂದರೆ, ಗೊತ್ತಿಲ್ಲದೆ ಅಂದದ್ದಕ್ಕೆ ಹೇಗೆ ಅನ್ನುವುದು? ಮುಚ್ಚಿಟ್ಟಿರಿ ಎಂದು ಸಿಟ್ಟಾಗೋಣವೆಂದರೆ, ಅಷ್ಟು ದಿನ ಒಂದೇ ಮೇಜಿನಲ್ಲಿ ಕೂತಿದ್ದೂ ತಿಳಿಯದೇ ಹೋಯಿತಲ್ಲ, ಆ ಸಿಟ್ಟು ಯಾರ ಮೇಲೆ? ಒಂದು ಗಳಿಗೆ ನಿಮ್ಮನ್ನು ಎಳೆದುಕೊಂಡು ಬರೋಣ ಅನಿಸುತ್ತದೆ, ಮರುಗಳಿಗೆ ಅಲ್ಲೇ ಬಿದ್ದಿರಲಿ ಅನಿಸುತ್ತದೆ.

ಮೂರನೆಯ ಬೋರ್ಡು ಚೆನ್ನಾಗಿ ಬಂತು. ಎಲ್ಲ ಕೂರಿಸಿ ಸ್ವಿಚ್ಚು ಹಾಕಿದೆ, ದನಿ ಬಂತು. ಆದರೆ ಅದರ ಹಿಂದೆ ಸಣ್ಣಗೆ ಗುಂಯ್ ಎನ್ನುತ್ತಿದೆ. ಎಲ್ಲಿಂದ ಎಂದು ನನಗೂ ಸಿಗುತ್ತಿಲ್ಲ, ಮೀಟರಿಗೂ ಸಿಗುತ್ತಿಲ್ಲ. ನೀವು ಕಿವಿಗೊಟ್ಟರೆ ಸಿಗುತ್ತದೆ. ಮಕ್ಕಳ ಕಿವಿಗೆ ಅದನ್ನು ಹಾಗೇ ಕೊಡಲಾರೆ. ಟೀಚರ್ ಮುಂದಿನ ಶನಿವಾರ ಬರುತ್ತಾರೆ, ಅದಕ್ಕೆ ಮೊದಲು ಬನ್ನಿ. ಇದು ಕೆಲಸವೋ ನೆಪವೋ ಎಂದು ಮಾತ್ರ ಕೇಳಬೇಡಿ, ನನಗೇ ತಿಳಿಯದು.

ಈ ಕಾಗದವನ್ನು ನಿಮ್ಮ ಅಕ್ಕನಿಂದ ಓದಿಸಬೇಡಿ. ಬೋರ್ಡಿಗೆ ಗೆರೆ ಎಳೆಯುವ ದಪ್ಪ ಪೆನ್ನಿನಲ್ಲಿ, ಪುಟಕ್ಕೆ ಎಂಟೇ ಸಾಲು ಬರೆದಿದ್ದೇನೆ. ನಿಧಾನವಾಗಿ ಓದಿಕೊಳ್ಳಿ.

ಇಂತಿ,
ನಿಮ್ಮ ಬೆಸುಗೆಯವಳು

ತಾ.ಕ.: ಅತ್ತೆ ತಾವಾಗಿಯೇ ಬಾಯಿಬಿಟ್ಟರು ಎಂಬಂತೆ ಬರೆದಿದ್ದೇನೆ, ಅದು ಪೂರ್ತಿ ನಿಜವಲ್ಲ. ಅದರ ಹಿಂದಿನ ದಿನ ನಿಮ್ಮನ್ನು ಕರೆಯಲೆಂದೇ ನಿಮ್ಮ ಅಕ್ಕನ ಬೀದಿಗೆ ಬಂದಿದ್ದೆ. ನೀವು ಹಾಲಿನ ಪೊಟ್ಟಣ ಹಿಡಿದು ಎದುರಿನಿಂದ ಬಂದಿರಿ. ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಮುಖವನ್ನೇ ನೋಡಿ, ಯಾರೋ ಪರರಿಗೆ ಎಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಿ. ಮನೆಗೆ ಬಂದು ಅತ್ತೆಯ ಮುಂದೆ, "ನಿಮ್ಮ ಮಗ ಇನ್ನು ನನ್ನ ಪಾಲಿಗಿಲ್ಲ" ಎಂದು ಕೂಗಾಡಿದೆ. ಮಾರನೆಯ ದಿನ ಅವರು ಮಾತು ಮುರಿದದ್ದು ಅದಕ್ಕೇ. ಆ ಬೀದಿಯಲ್ಲಿ ಒಂದೇ ಒಂದು ಮಾತು ಆಡಿದ್ದರೂ ದನಿಯಿಂದ ಗುರುತು ಹಿಡಿಯುತ್ತಿದ್ದಿರಿ. ನಾನು ಬಾಯಿ ತೆರೆಯಲಿಲ್ಲ.