ಅಂಗಡಿಯ ಚೆಂಡು

೧೮೭೨ ಅಕ್ಟೋಬರ್ ೧೨, ಶನಿವಾರ

ಸೋತದ್ದಕ್ಕೆ ನನಗೆ ಬೇಜಾರಿಲ್ಲ, ಸೋಲು ಅಭ್ಯಾಸವಾಗಿಬಿಟ್ಟಿದೆ. ನಮ್ಮೂರ ಬೇಸ್‌ಬಾಲ್ ತಂಡ ಸಂಬಳಕ್ಕೆ ಆಡಲು ಶುರುಮಾಡಿದ ಮೊದಲ ವರ್ಷವಿದು. ಇಪ್ಪತ್ತು ಆಟಗಳಲ್ಲಿ ಗೆದ್ದದ್ದು ಎರಡು.

ಸೋತವರು ಆಟದ ಚೆಂಡನ್ನು ಗೆದ್ದವರಿಗೆ ಒಪ್ಪಿಸಬೇಕು. ಹಾಗೆ ಹೋದ ಹದಿನೆಂಟು ಚೆಂಡುಗಳಿಗೂ ನೂಲು ಬಿಗಿದು ಸುತ್ತಿ, ಹಳೆಯ ಬೂಟಿನ ತೊಗಲು ನೆನೆಸಿ ಹೊಲಿದವಳು ನಾನು. ಒಂದರ ಹೊಲಿಗೆಯೂ ಬಿಚ್ಚಿಲ್ಲ. ಇವತ್ತಿನದೊಂದು ಬಿಟ್ಟು ಉಳಿದವು ಈಗ ಪರವೂರುಗಳ ಗಾಜಿನ ಕಪಾಟುಗಳಲ್ಲಿ ಬಂಗಾರದ ಬಣ್ಣ ಬಳಿಸಿಕೊಂಡು ಕೂತಿವೆ.

ಇವತ್ತು ಗೆದ್ದ ತಂಡದ ನಾಯಕ ಕ್ರೇನ್ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನಿಮ್ಮ ಆಟ ಹಾಳಾಗ್ಹೋಗ್ಲಿ, ಚೆಂಡು ಮಾತ್ರ ಭಾಳ ಚೆನ್ನಾಗಿದೆ ಕಣಯ್ಯಾ. ಯಾರು ಹೊಲಿದಿದ್ದು?"

ನಮ್ಮ ತಂಡದ ನಾಯಕ ನನ್ನ ಗಂಡ ಲೆಮ್ಯುಯೆಲ್. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೇನೆ, ಅವನು ಹೇಳುತ್ತಾನೆ: "ಬಾಸ್ಟನ್ ಅಂಗಡೀದು. ದುಡ್ಡು ಕೊಟ್ಟು ತರಿಸಿದ್ದು."

ದುಡ್ಡು ಕೊಟ್ಟು!

ಮನೆಗೆ ಬಂದ ಮೇಲೆ ಕೇಳಿದೆ. "ಹೆಂಡ್ತಿ ಹೊಲಿದಿದ್ದು ಅಂದ್ರೆ ನಗ್ತಾರೆ ಕಣೇ. ನಾವೀಗ ಸಂಬಳದ ಆಟಗಾರರು" ಅಂದ. ಹದಿನೆಂಟು ಸಲ ಸೋತಾಗ ಜನ ಕಣ್ಣೀರಿಟ್ಟಿದ್ದರೇನೋ!

ಬರಿಗೈಯಲ್ಲಿ ಚೆಂಡು ಹಿಡಿದೂ ಹಿಡಿದೂ ಅವನ ಬೆರಳುಗಳೆಲ್ಲ ಬಾತುಕೊಂಡಿವೆ, ಚಮಚ ಹಿಡಿಯಲಾರ. ರಾತ್ರಿ ಊಟಕ್ಕೆ ಕೂತು ಎಂದಿನಂತೆ ಬಾಯಿ ತೆರೆದ.

"ಬಾಸ್ಟನ್ ಅಂಗಡಿಯವರನ್ನೇ ಕರೆಸ್ಕೊ" ಅಂದೆ.

ತೆರೆದ ಬಾಯಿ ಮುಚ್ಚಲಿಲ್ಲ. ಹಸಿದಿದ್ದ.

ಕೋಳಿ ಸಾರು ಕುಡಿಸಿದೆ. ಒಂದು ಚಮಚವನ್ನೂ ಊದಿ ಆರಿಸಲಿಲ್ಲ.