ಹನ್ನೊಂದು ಹೆಜ್ಜೆ ಮೈದಾ

ಬೇಕರಿ ಹಿಂದಿನ ಮನೆ
ಮಾರ್ಚ್ ೧೧, ಮಂಗಳವಾರ

ಪೂಜ್ಯ ಭಾವನವರಿಗೆ ನಮಸ್ಕಾರ.

ನಿಮ್ಮಕ್ಕನ ಮನೆಯಲ್ಲಿ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಕತ್ತು ನೋವು ಹೇಗಿದೆ? ಪಟ್ಟಿ ಬಿಚ್ಚಬೇಡಿ, ಗುರುವಾರದವರೆಗಾದರೂ. ನೀವು ಅಲಾರಂ ಎಂದು ಹೆಸರಿಟ್ಟ ನಮ್ಮ ಮಗಳಿಗೆ ಹಲ್ಲು ಬರುತ್ತಿದೆ, ಗಂಟೆಗೊಮ್ಮೆ ಏಳುತ್ತಾಳೆ. ನಾನು ಸರಿಯಾಗಿ ಕಣ್ಣು ಮುಚ್ಚಿ ಹತ್ತೊಂಬತ್ತು ದಿನವಾಯಿತು. ನಿಮ್ಮ ತಮ್ಮನ ಕಾಲಿನ ಪ್ಲಾಸ್ಟರ್ ಇನ್ನೂ ತೆಗೆದಿಲ್ಲ. ಇವರು ಓಡಿಸುತ್ತಿದ್ದ ಬ್ರೆಡ್ ವ್ಯಾನಿಗೆ ಬೇರೆ ಡ್ರೈವರ್ ಬಂದಾಯಿತು. ಗುರುವಾರ ಸಾರಿಗೆ ಕಚೇರಿಯಲ್ಲಿ ನಡೆಯುವ ಅಪಘಾತದ ವಿಚಾರಣೆಯಲ್ಲಿ ತಪ್ಪು ಇವರದೇ ಎಂದಾದರೆ ಲೈಸೆನ್ಸೂ ಹೋಗುತ್ತದೆ. ಇವರಿಗೆ ಬರುವುದು ಅದೊಂದೇ ಕೆಲಸ.

ಆಸ್ಪತ್ರೆಯಲ್ಲಿ ನೀವು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: "ನಾನು ಗಾಡಿ ನಿಲ್ಸಿದ್ದೆ ಕಣೋ, ನೀನೇ ಎದುರಿಂದ ಬಂದು ಗುದ್ದಿದೆ." ತಲೆಗೆ ಪೆಟ್ಟು ಬಿದ್ದು ಆ ಗಳಿಗೆಯೇ ನೆನಪಿಲ್ಲದ ಇವರು ಮಲಗಿದ್ದಲ್ಲಿಂದಲೇ ನಿಮಗೆ ಕೈ ಮುಗಿದರು. ನಾನು ಬಾಯಿ ತೆರೆದದ್ದಕ್ಕೆ, "ಅಣ್ಣ ಸುಳ್ಳು ಹೇಳ್ತಾನಾ?" ಎಂದು ನನ್ನನ್ನೇ ಗದರಿಸಿದರು. ಆ ಮುಗಿದ ಕೈಗಳನ್ನು ನಾನು ಮರೆಯುವುದಿಲ್ಲ ಭಾವ. ನೀವು ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ನಂಬುತ್ತಿದ್ದೆನೇನೋ. "ಪಿಕಪ್ಪಲ್ಲಿ ಮೂವತ್ತು ಮೂಟೆ ಮೈದಾ ಇತ್ತು, ಅದು ಓಡೋಕಾಗುತ್ತಾ?" ಎಂದೂ ಸೇರಿಸಿದಿರಿ. ಮೂಟೆ ಒಡೆದದ್ದನ್ನು ಬೇಕರಿ ಯಜಮಾನರು ನಂಬಲೆಂದು ಆಗಲೇ ಓಣಿಯಲ್ಲಿ ಫೋಟೋ ತೆಗೆದು ನಮಗೆಲ್ಲ ಕಳಿಸಿದ್ದಿರಿ. ಮಗುವಿಗೆ ಹಾಲು ಕುಡಿಸುತ್ತ ಆ ಫೋಟೋ ನೋಡಿದೆ. ಡಿಕ್ಕಿಯಾದ ಜಾಗದಲ್ಲಿ, ಟೈಲರ್ ಅಂಗಡಿಯ ಮುಂದೆ, ಪುಡಿಯಾದ ಗಾಜು. ಅಲ್ಲಿಂದ ಬೇಕರಿ ಗೇಟಿನ ಕಡೆಗೆ ಮೈದಾದ ಬಿಳಿ ಪಟ್ಟೆ, ಕಚ್ಚಿಕೊಂಡು ನಿಂತ ಎರಡು ಗಾಡಿಗಳವರೆಗೂ. ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಅಳೆದೆ. ಹನ್ನೊಂದು ಹೆಜ್ಜೆ. ಓಣಿ ಇಳಿಜಾರಿರಬಹುದೇ ಎಂದು ಅವಳ ಚೆಂಡನ್ನು ನೆಲಕ್ಕಿಟ್ಟು ನೋಡಿದೆ, ಅಲುಗಲಿಲ್ಲ.

"ಡಿಗ್ರಿ ಓದಿ ಹಾಲಿನ ಬಾಟ್ಲಿ ತೊಳೀತಿದ್ದೀಯಲ್ಲಮ್ಮ" ಎಂದು ನಗುತ್ತಿದ್ದಿರಲ್ಲ, ಆ ಡಿಗ್ರಿಯಲ್ಲಿ ಕಲಿತದ್ದು ಇದು. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ. ಡಿಕ್ಕಿಗೆ ಮೊದಲು ಎರಡೂ ಗಾಡಿಗಳದು ಸೇರಿ ಎಷ್ಟಿತ್ತೋ, ಯಾವ ದಿಕ್ಕಿಗಿತ್ತೋ, ಡಿಕ್ಕಿಯಾದ ಕೂಡಲೇ ಅಷ್ಟೇ ಇರುತ್ತದೆ, ಆ ದಿಕ್ಕಿಗೇ. ನಿಂತ ಗಾಡಿಯದು ಸೊನ್ನೆ, ಮುನ್ನೂರು ಮೂಟೆ ಹೇರಿದರೂ ಸೊನ್ನೆಯೇ. ನೀವು ನಿಂತಿದ್ದರೆ, ಬೇಕರಿಯಿಂದ ಹೊರಟ ವ್ಯಾನು ನಿಮ್ಮನ್ನು ನೀವು ಬಂದ ದೊಡ್ಡ ರಸ್ತೆಯ ಕಡೆಗೆ ದೂಡಬೇಕಿತ್ತು. ನೀವು ಅದನ್ನು ಹನ್ನೊಂದು ಹೆಜ್ಜೆ ಹಿಂದಕ್ಕೆ, ಹೊರಟ ಗೇಟಿಗೇ ಒಯ್ದಿದ್ದೀರಿ. ಮೂಟೆ ಹೆಚ್ಚು ಹೇಳಿದಷ್ಟೂ ನಿಮಗೇ ಭಾರ. ನಿಮ್ಮ ವೇಗ ಕಡಿಮೆಯೆಂದರೆ ಎಷ್ಟಿತ್ತು ಎಂಬುದನ್ನೂ ಬರೆದಿಟ್ಟಿದ್ದೇನೆ. ಅದನ್ನು ಗುರುವಾರ ಎಲ್ಲರ ಎದುರು ಓದುವಾಗ ನಿಮ್ಮ ಮುಖ ನೋಡಬೇಕೆಂಬ ಆಸೆಯೊಂದರ ಮೇಲೆ ಇಷ್ಟು ದಿನ ನಿಂತಿದ್ದೇನೆ.

ಹೊತ್ತು ಹೊತ್ತಿಗೆ ಊಟ ಮಾಡಿ. ಅಕ್ಕನನ್ನು ಕೇಳಿದೆನೆಂದು ಹೇಳಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಮರೆತಿದ್ದೆ: ಈ ಲೆಕ್ಕ, ನಿಮ್ಮ ಫೋಟೋ ಸಮೇತ, ನಿನ್ನೆಯೇ ಸಾರಿಗೆ ಕಚೇರಿ ಸೇರಿದೆ. ನನ್ನ ಕೈಯಲ್ಲಿ ಮಗುವಿತ್ತು. ಲಕೋಟೆ ಒಯ್ದು ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದವರು ನಿಮ್ಮ ಅಮ್ಮ.