ಅಮಾವಾಸ್ಯೆಯ ಮಗ್ಗ

ಆಗಸ್ಟ್ ೪, ಭಾನುವಾರ
ಅಮಾವಾಸ್ಯೆ. ನೇಕಾರರ ಊರು ರಬಕವಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ, ಹಿಂದಿನಿಂದಲೂ. ಓಣಿಯೆಲ್ಲ ಸುಮ್ಮನಿದೆ. ಭಾಷಣ ಬರೆಯಲು ಕುಳಿತೆ. ಹದಿನಾಲ್ಕಕ್ಕೆ ಲೈಬ್ರರಿ ಹಾಲಿನಲ್ಲಿ — ನಲವತ್ತೆರಡರ ಚಳವಳಿಯಲ್ಲಿ ನಮ್ಮೂರು. ಹನ್ನೊಂದು ವರ್ಷದಿಂದ ನಾನೇ ಹೇಳುತ್ತಿದ್ದೇನೆ, ಬಾಯಿಪಾಠ. ಭೂಗತನಾಗಿದ್ದ ಹೋರಾಟಗಾರನೊಬ್ಬನನ್ನು ನಮ್ಮಜ್ಜಿ ಸಾವಕ್ಕ ಅಟ್ಟದ ಮೇಲೆ ಬಚ್ಚಿಟ್ಟದ್ದು, ಕುರಿ ಕಾಯುವ ಗಿರಮಲ್ಲಪ್ಪ ಪೊಲೀಸರಿಗೆ ಸುಳಿವು ಕೊಟ್ಟದ್ದು, ಆ ಹೋರಾಟಗಾರ ಜೈಲಿನಲ್ಲೇ ಸತ್ತದ್ದು. ಆಮೇಲೆ ಚಪ್ಪಾಳೆ.

ಈ ಸಲ ಪೆನ್ನು ಓಡುತ್ತಿಲ್ಲ. ಹೆದರಿಕೆ.

ಆಗಸ್ಟ್ ೬, ಬೆಳಿಗ್ಗೆ
ಬರೆದೇ ಬಿಡುತ್ತೇನೆ. ಇಲ್ಲಿ ಯಾರು ಓದುತ್ತಾರೆ? ಶಿವರಾತ್ರಿಗೆ ಮೊದಲು, ಸಾಯುವ ಮುನ್ನ, ನೂರರ ಅಂಚಿನಲ್ಲಿದ್ದ ಅಜ್ಜಿ ನನ್ನ ಕೈ ಹಿಡಿದು ಹೇಳಿದಳು: "ಗಿರಮಲ್ಲಪ್ಪ ಏನೂ ಹೇಳಿಲ್ಲ ನಂದಾ. ಅಟ್ಟದ ಮ್ಯಾಲ ಅಂವ ಕೆಮ್ಮಾಕತ್ತಿದ್ದ. ಓಣ್ಯಾಗ ಪೊಲೀಸ್ರು. ಕೆಮ್ಮು ಕೇಳಬಾರದಂತ ಮಗ್ಗ ಬಡದೆ. ಅಂಜಿಕ್ಯಾಗ ಅಮಾಸಿ ಅನ್ನೂದ ಮರತೆ ಬೇ."

ಊರಿನ ಮಗ್ಗಗಳೆಲ್ಲ ನಿಂತಾಗ ನಮ್ಮದೊಂದೇ ಮಗ್ಗದ ಸದ್ದು. ಪೊಲೀಸ್ ಫೌಜದಾರ ನೇರ ನಮ್ಮ ಬಾಗಿಲಿಗೆ ಬಂದ.

ಗಿರಮಲ್ಲಪ್ಪ ಆ ಬೆಳಿಗ್ಗೆ ಠಾಣೆಗೆ ಕಂಬಳಿ ಮಾರಲು ಹೋಗಿದ್ದ, ಅಷ್ಟೇ. ಊರು ಅವನನ್ನು ಓಡಿಸಿತು. ಅಜ್ಜಿ ಬಾಯಿ ಬಿಡಲಿಲ್ಲ. ನಾನೂ ಐದು ತಿಂಗಳಿಂದ ಬಿಟ್ಟಿಲ್ಲ.

ಆಗಸ್ಟ್ ೯
ನಾಗರ ಪಂಚಮಿ. ಉಂಡಿ ತಿನ್ನುತ್ತ ಅಣ್ಣ ಮಹಾಲಿಂಗಪ್ಪನಿಗೆ ಹೇಳಿಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಲೈಬ್ರರಿ ಹಾಲಿಗೆ ಅಜ್ಜಿಯ ಹೆಸರಿಡಿಸಲು ವರ್ಷದಿಂದ ಓಡಾಡುತ್ತಿದ್ದಾನೆ.

"ಸತ್ತಾಕಿ ಮಾನಾ ಹರಾಜ ಹಾಕ್ತಿ? ಹೇಳಿ ನೋಡು. ಮತ್ತ ಈ ಮನಿ ಹೊಸ್ತಲಾ ತುಳೀಬ್ಯಾಡ."

ನನಗೆ ಐವತ್ತೇಳು. ಬೇರೆ ಮನೆ ಎಲ್ಲಿದೆ? ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಆಗಸ್ಟ್ ೧೩
ತಿಮ್ಮಾಪುರದಿಂದ ಫೋನ್. ಗಿರಮಲ್ಲಪ್ಪನ ಮಗಳು ಸಾತವ್ವ, ಎಂಬತ್ತು ದಾಟಿದ ಮುದುಕಿ.

"ನಾಳೆ ಭಾಷಣಕ್ಕ ಬರ್ತೇನ್ರಿ ಬಾಯಾರ. ಒಂದ ಮಾತು... ನಮ್ಮಪ್ಪಗ ಬೈಬ್ಯಾಡ್ರಿ. ಮೊಮ್ಮಗಳು ವೈಶಾಲಿಗೆ ವರಾ ನೋಡಾಕತ್ತೇವ್ರಿ. ಚಾಡಿಕೋರರ ಮನಿ ಅಂತ ಬಂದವ್ರೆಲ್ಲಾ ಹೊಳ್ಳಿ ಹೋಗ್ತಾರ."

ಹೂಂ ಎಂದೆ.

ಆಗಸ್ಟ್ ೧೪, ಸಂಜೆ ೭.೧೦, ಲೈಬ್ರರಿಯ ಹಿಂದಿನ ಕೋಣೆ
ಹೇಳಲಿಲ್ಲ.

ಮುಂದಿನ ಸಾಲಿನಲ್ಲಿ ಅಣ್ಣ ಕೈಕಟ್ಟಿ ಕುಳಿತಿದ್ದ. ಗಿರಮಲ್ಲಪ್ಪನ ಹೆಸರು ಹಾರಿಸಿ "ಯಾರೋ ಸುಳಿವು ಕೊಟ್ಟರು" ಎಂದು ಮುಗಿಸಿದೆ. ಯಾರೋ! ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಚಪ್ಪಾಳೆ ನಿಂತ ಮೇಲೆ ಸಾತವ್ವ ಬಂದಳು. ನಾನು ತಡೆಯುವುದರೊಳಗೆ ಬಗ್ಗಿ ಕಾಲು ಮುಟ್ಟಿದಳು.

"ನಿಮ್ಮ ಹೊಟ್ಟಿ ತಣ್ಣಗಿರಲ್ರಿ. ನನಗ ಬುದ್ಧಿ ಬಂದಾಗಿಂದ ನಮ್ಮಪ್ಪಗ ಬೈಲಾರದ ಭಾಷಣ ಇದ ಮೊದಲ್ನೇದ್ರಿ."

ನನ್ನ ಕಾಲು ಮುಟ್ಟಿದಳು. ಸಾವಕ್ಕನ ಮೊಮ್ಮಗಳ ಕಾಲು.

ಸಭೆ ನಡೆದ ಹಾಲಿನಲ್ಲಿ ಜನ ಚಹಾ ಕುಡಿಯುತ್ತಿದ್ದಾರೆ. ಅಣ್ಣ ನಗುವುದು ಕೇಳಿಸುತ್ತಿದೆ. ಇಲ್ಲಿಂದ ಕಾಣುವ ಹೊರಬಾಗಿಲ ಹತ್ತಿರ ಸಾತವ್ವ ಚಪ್ಪಲಿ ಹುಡುಕುತ್ತಿದ್ದಾಳೆ, ಇನ್ನೆರಡು ನಿಮಿಷಕ್ಕೆ ಹೊರಟುಬಿಡುತ್ತಾಳೆ. ಮೈಕ್ ಇನ್ನೂ ಆಫ್ ಮಾಡಿಲ್ಲ. ಹೆದರಿಕೆ ಹೋಗಿಲ್ಲ. ಆದರೂ ಎದ್ದು ಮೈಕಿನ ಹತ್ತಿರ ಹೋಗುತ್ತೇನೆ, ಅಜ್ಜಿ ಹೇಳಿದ್ದನ್ನು —